ಕೈದಾಳ ಸಿದ್ಧಾಂತ: ಹಳೆಯ ಝೆನ್ ಕಾರೊಂದರ ಗೇರ್ ಪಲ್ಲಟವನ್ನು ಕುರಿತು

1. ಪೀಠಿಕೆ

ಲೋಕವೆಲ್ಲ ಹೆಚ್ಚಿಗೆ ದುಡ್ಡು ಕೊಟ್ಟು ಆಟೋಮ್ಯಾಟಿಕ್ ಕಾರು ಕೊಳ್ಳುತ್ತಿರುವ ಈ ಕಾಲದಲ್ಲಿ, ತುಮಕೂರಿನ ಬಟವಾಡಿಯ ನಮ್ಮ ಭಾವನವರು ತಮ್ಮ ಹಳೆಯ ಆಟೋಮ್ಯಾಟಿಕ್ ಝೆನ್‌ಗೆ ದುಡ್ಡು ಕೊಟ್ಟು ಮ್ಯಾನುಯಲ್ ಗೇರ್ ಬಾಕ್ಸ್ ಹಾಕಿಸಿದರು. ಈ ಘಟನೆಗೆ ವಿದ್ವತ್ ವಲಯದಿಂದ ಸಲ್ಲಬೇಕಾದ ಗಮನ ಸಂದಿಲ್ಲ. ಗಮನ ಕೊಟ್ಟವಳು ಅಕ್ಕ ಒಬ್ಬಳೇ; ಆದರೆ ಅವಳ ಅಭಿಪ್ರಾಯಗಳು ಅಚ್ಚಿಗೆ ಯೋಗ್ಯವಲ್ಲ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನದ ವ್ಯಾಪ್ತಿ: ತುಮಕೂರು, ಗುಬ್ಬಿ ಮತ್ತು ಕುಣಿಗಲ್. ಅಧ್ಯಯನದ ಮಿತಿ: ಪೆಟ್ರೋಲಿನ ಖರ್ಚು.

2. ಶಬ್ದ ವಿಚಾರ

ಸಂಸ್ಕೃತದ ‘ಧ್ಯಾನ’ವು ಚೀನಾಕ್ಕೆ ಹೋಗಿ ‘ಚಾನ್’ ಆಯಿತು, ಜಪಾನಿಗೆ ದಾಟಿ ‘ಝೆನ್’ ಆಯಿತು, 1993ರಲ್ಲಿ 993 ಸಿಸಿ ಎಂಜಿನ್ ಹೊತ್ತು ಮಾರುತಿ ಶೋರೂಮಿನ ಮೂಲಕ ತವರಿಗೆ ಮರಳಿತು. ಕೆಲವೇ ವರ್ಷಗಳಲ್ಲಿ ಬಂದ ಮೂರು ಸ್ಪೀಡಿನ ಆಟೋಮ್ಯಾಟಿಕ್ ಝೆನ್ ಮೂಲಾರ್ಥವನ್ನು ಇನ್ನೂ ಗಟ್ಟಿಮಾಡಿತು. ಅದರಲ್ಲಿ ಎಡಗೈಗೆ ಕೆಲಸವಿಲ್ಲ, ಎಡಗಾಲಿಗಂತೂ ಇಲ್ಲವೇ ಇಲ್ಲ. ಇದ್ದಲ್ಲೇ ಇರುವುದು ಧ್ಯಾನವಲ್ಲದೆ ಮತ್ತೇನು?

ಆ ಕಾರಿನ ಗೇರ್ ಕೋಲಿನ ಬುಡದಲ್ಲಿ ಕೆತ್ತಿರುವುದು ಪಿ, ಆರ್, ಎನ್, ಡಿ, 2, ಎಲ್ ಎಂಬ ಆರು ಚಿಹ್ನೆಗಳು. ಅಂದರೆ ಷಡಕ್ಷರಿ. ಮ್ಯಾನುಯಲ್ ಝೆನ್‌ನಲ್ಲಿ ಮುಂದಕ್ಕೆ ಹೋಗಲು ಐದು ಗೇರು. ಅಂದರೆ ಪಂಚಾಕ್ಷರಿ. ಭಾವ ಮಾಡಿದ್ದು ಆರರಿಂದ ಐದಕ್ಕೆ ಬಂದದ್ದು, ಅಷ್ಟೆ. ರಿವರ್ಸ್ ಸೇರಿಸಿದರೆ ಇಲ್ಲೂ ಆರೇ ಆಗುತ್ತದಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಹಿಂದಕ್ಕೆ ಹೋಗುವುದನ್ನು ಯಾವ ಶಾಸ್ತ್ರವೂ ಸಾಧನೆಯ ಮೆಟ್ಟಿಲೆಂದು ಎಣಿಸಿಲ್ಲ ಎಂಬುದೇ ಅವರಿಗೆ ಉತ್ತರ.

3. ಕಾಲ ವಿಭಜನೆ

ಭಾಷಾಚರಿತ್ರೆಕಾರರು ಹಳಗನ್ನಡ, ನಡುಗನ್ನಡ, ಹೊಸಗನ್ನಡ ಎಂದು ವಿಂಗಡಿಸುವ ಹಾಗೆಯೇ ನಮ್ಮ ರಸ್ತೆಗಳ ಚರಿತ್ರೆಯನ್ನು ಹಳಗೇರು, ನಡುಗೇರು, ಹೊಸಗೇರು ಎಂದು ವಿಂಗಡಿಸಬಹುದು.

ಹಳಗೇರಿನ ಪ್ರತಿನಿಧಿ ಅಂಬಾಸಿಡರ್. ಗೇರ್ ಕೋಲು ಸ್ಟೇರಿಂಗಿನ ಪಕ್ಕದಲ್ಲಿತ್ತು. ಮುಂದಿನ ಸೀಟು ಶಾಲೆಯ ಬೆಂಚಿನಂತೆ ಉದ್ದಕ್ಕಿತ್ತು. ಆದ್ದರಿಂದ ಡ್ರೈವರಿನ ಬಲಗಡೆಯೂ ಒಬ್ಬರು ಕೂರುತ್ತಿದ್ದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಕೋಲು ಎರಡು ಸೀಟುಗಳ ನಡುವಿಗೆ ಇಳಿಯಿತು. ನಡುಗೇರು ಎಂಬ ಹೆಸರಿಗೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. 2014ರ ಫೆಬ್ರವರಿಯಲ್ಲಿ ಸೆಲೆರಿಯೊ ಎಎಂಟಿ ಬಂತು. ಒಳಗಿರುವುದು ಮ್ಯಾನುಯಲ್ ಗೇರ್ ಬಾಕ್ಸೇ, ಆದರೆ ಕ್ಲಚ್ ಒತ್ತುವ ಕೂಲಿ ಯಂತ್ರದ್ದು. ಇದು ಹೊಸಗೇರು. ಅದೇ 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು, ಮಾರುತಿ 800 ನಿಂತಿತು, ನವೆಂಬರ್ 1ರಂದು ಇಂಗ್ಲಿಷಿನ ‘ಟುಮ್ಕೂರ್’ ಕೂಡ ಅಧಿಕೃತವಾಗಿ ತುಮಕೂರು ಆಯಿತು. ಇದನ್ನೆಲ್ಲ ಕಾಕತಾಳೀಯ ಎನ್ನುವವರು ಪಿಎಚ್‌.ಡಿ. ಮಾಡಲಾರರು.

ಭಾವನ ಝೆನ್ ನಡುಗೇರಿನ ಕಾಲದಲ್ಲಿ ಹುಟ್ಟಿಬಿಟ್ಟ ಹೊಸಗೇರು. ಕಾಲಕ್ಕಿಂತ ಮುಂಚೆ ಹುಟ್ಟಿದ ಎಲ್ಲ ಪ್ರತಿಭೆಗಳಿಗೂ ಬಂದ ಕಷ್ಟವೇ ಅದಕ್ಕೂ ಬಂತು: ಊರಿನಲ್ಲಿ ಅದನ್ನು ಅರ್ಥ ಮಾಡಿಕೊಳ್ಳುವವರು ಒಬ್ಬರೂ ಸಿಗಲಿಲ್ಲ.

4. ಗುಬ್ಬಿ ಪ್ರಕರಣ: ತಳ್ಳಲಾಗದ ದುಃಖ

ಗುಬ್ಬಿ ಎಂದರೆ ನಾಟಕ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ, ಅದನ್ನು ನಾಡಿಗೆಲ್ಲ ಹೊತ್ತು ತಿರುಗಿದ ಗುಬ್ಬಿ ವೀರಣ್ಣನವರು, ‘ಕುರುಕ್ಷೇತ್ರ’ಕ್ಕಾಗಿ ರಂಗಕ್ಕೆ ಹತ್ತಿಸಿದ ನಿಜವಾದ ಆನೆ ಕುದುರೆಗಳು, ಇವೆಲ್ಲ ಪ್ರಸಿದ್ಧ. ಭಾವ ಒಂದು ರಾತ್ರಿ ಗುಬ್ಬಿಗೆ ನಾಟಕ ನೋಡಲು ಹೋಗಿ ಕಾರಿನ ಹೆಡ್‌ಲೈಟ್ ಆರಿಸುವುದನ್ನು ಮರೆತರು. ನಾಟಕ ಮುಗಿಯುವ ಹೊತ್ತಿಗೆ ಬ್ಯಾಟರಿಯೂ ಮುಗಿದಿತ್ತು. ಸೆಲ್ಫ್ ಒಂದು ಸಲ ಕೆಮ್ಮಿ ಸುಮ್ಮನಾಯಿತು.

ಗುಬ್ಬಿಯ ಜನ ಒಳ್ಳೆಯವರು. ಹೇಳದೆ ಕೇಳದೆ ಆರು ಮಂದಿ ಕಾರಿನ ಹಿಂದೆ ನಿಂತರು. “ಸೆಕೆಂಡ್ ಗೇರ್‌ಗೆ ಹಾಕ್ಕೊಳಿ ಸಾರ್, ತಳ್ತೀವಿ” ಎಂದರು. ಭಾವ ತಲೆ ತಗ್ಗಿಸಿ, “ಇದು ತಳ್ಳಿದ್ರೆ ಸ್ಟಾರ್ಟ್ ಆಗಲ್ಲ ಕಣ್ರಪ್ಪಾ” ಎಂದರು. ಆ ಆರು ಮಂದಿಯ ಮುಖದಲ್ಲಿ ಮೂಡಿದ ಕರುಣರಸ ಅಂದಿನ ನಾಟಕದ ಯಾವ ಅಂಕದಲ್ಲೂ ಇರಲಿಲ್ಲವಂತೆ.

ಕಾರಣ ಹೀಗಿದೆ. ಆಟೋಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಗೇರಿಗೂ ಕಬ್ಬಿಣದ ಹಿಡಿತವಿಲ್ಲ. ನಡುವೆ ಇರುವುದು ಎಣ್ಣೆ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಹಾಕಿದರೆ ಗಾಳಿಯ ಹೊಡೆತಕ್ಕೆ ಇನ್ನೊಂದು ತಿರುಗುತ್ತದಲ್ಲ, ಗಾಳಿಯ ಜಾಗದಲ್ಲಿ ಎಣ್ಣೆ ಹಾಕಿದರೆ ಅದೇ ಟಾರ್ಕ್ ಕನ್ವರ್ಟರ್. 1905ರಲ್ಲಿ ಜರ್ಮನಿಯ ಹರ್ಮನ್ ಫೋಟಿಂಗರ್ ಹಡಗುಗಳಿಗೆಂದು ಯೋಚಿಸಿದ್ದು ಇದನ್ನೇ. ಆ ಎಣ್ಣೆಗೆ ಒತ್ತಡ ಕೊಡುವ ಪಂಪು ತಿರುಗಬೇಕಾದರೆ ಮೊದಲು ಎಂಜಿನ್ ತಿರುಗಬೇಕು. ಎಂಜಿನ್ ನಿಂತಿದ್ದರೆ ಹೊರಗಿನಿಂದ ಎಷ್ಟು ತಳ್ಳಿದರೂ ಒಳಗೆ ಸುದ್ದಿ ಮುಟ್ಟುವುದಿಲ್ಲ.

ಇದರಿಂದ ವಾಹನಗಳ ಹೊಸ ವರ್ಗೀಕರಣ ಸಿದ್ಧವಾಗುತ್ತದೆ. ತಳ್ಳಿದರೆ ಸ್ಟಾರ್ಟ್ ಆಗುವಂಥವು: ಮ್ಯಾನುಯಲ್ ಕಾರು, ಲಾರಿ, ಟ್ರ್ಯಾಕ್ಟರ್. ತಳ್ಳಿದರೂ ಸ್ಟಾರ್ಟ್ ಆಗದಂಥವು: ಭಾವನ ಝೆನ್ ಮತ್ತು ಹೆಲಿಕಾಪ್ಟರ್. ಎರಡನೆಯದನ್ನು ಸುಮ್ಮನೆ ಸೇರಿಸಿದ್ದಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಅದರ ಉದ್ಘಾಟನೆ 2023ರ ಫೆಬ್ರವರಿ 6ರಂದು ಆಯಿತು. ಒಂದೇ ತಾಲ್ಲೂಕಿನಲ್ಲಿ ಒಂದೇ ವರ್ಗದ ಎರಡು ವಾಹನ ಕಂಡುಬಂದದ್ದು ಸಂಶೋಧಕನ ಪುಣ್ಯ.

5. ಕುಣಿಗಲ್ ಪ್ರಕರಣ: ಅಶ್ವಪ್ರಮಾಣ

ಗುಬ್ಬಿಯ ಅವಮಾನವಾದ ಕೆಲವೇ ದಿನಕ್ಕೆ ಗೇರ್ ಬಾಕ್ಸೂ ಕೈಕೊಟ್ಟಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತಿತ್ತು, ಗಾಡಿ ಹೋಗುತ್ತಿರಲಿಲ್ಲ. ಅದೇ ಹೊತ್ತಿಗೆ ಕುಣಿಗಲ್ಲಿನ ಗುಜರಿಯೊಂದರಲ್ಲಿ ಹಿಂದಿನಿಂದ ಗುದ್ದಿಸಿಕೊಂಡ ಮ್ಯಾನುಯಲ್ ಝೆನ್ ನಿಂತಿದೆ ಎಂಬ ಸುದ್ದಿ ಬಂತು. ಹಿಂಬದಿ ಅಪ್ಪಚ್ಚಿ, ಮುಂಬದಿ ಹೊಸದರ ಹಾಗೆ. ಗೇರ್ ಬಾಕ್ಸ್ ಇರುವುದು ಮುಂದೆ.

ಕುಣಿಗಲ್ ಎಂದ ಮೇಲೆ ಕುದುರೆಯ ಮಾತು ಬರಲೇಬೇಕು. ಹೈದರಾಲಿ, ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂ ಅಲ್ಲಿದೆ. ಪ್ರಬಂಧಕಾರನು ಅದರ ಬೇಲಿಯಾಚೆ ನಿಂತು ಗಹನವಾದ ಸತ್ಯವೊಂದನ್ನು ಕಂಡುಕೊಂಡನು. ಕುದುರೆಗೆ ನಾಲ್ಕು ಗತಿಗಳಿವೆ: ನಡಿಗೆ, ಕುಕ್ಕುಲೋಟ, ನೆಗೆದೋಟ, ನಾಗಾಲೋಟ. ಒಂದರಿಂದ ಇನ್ನೊಂದಕ್ಕೆ ಅದು ತಾನಾಗಿಯೇ ಬದಲಾಗುತ್ತದೆ, ಕ್ಲಚ್ ಇಲ್ಲ. ಅಂದಮೇಲೆ ಟಿಪ್ಪುವಿನ ಸೈನ್ಯದಲ್ಲಿ ಇದ್ದದ್ದು ನಾಲ್ಕು ಸ್ಪೀಡಿನ ಆಟೋಮ್ಯಾಟಿಕ್. ಅಮೆರಿಕದ ಜನರಲ್ ಮೋಟರ್ಸ್ 1939ರಲ್ಲಿ ನಾಲ್ಕು ಸ್ಪೀಡಿನ ಹೈಡ್ರಾಮ್ಯಾಟಿಕ್ ತಂದು ಕಾರಿಗೆ ಅದೇ ಯೋಗ್ಯತೆ ಕೊಟ್ಟಿತು. ಭಾವನ ಝೆನ್‌ಗೆ ಇದ್ದದ್ದು ಮೂರು.

ಈಗ ಅನುಮಾನ ಪ್ರಮಾಣ ನೋಡಿ. ಆಟೋಮ್ಯಾಟಿಕ್ ಝೆನ್ ಮೂರು, ಕುದುರೆ ನಾಲ್ಕು, ಮ್ಯಾನುಯಲ್ ಝೆನ್ ಐದು. ಕುದುರೆಗಿಂತ ಕೆಳಗಿದ್ದ ಕಾರು ಕುಣಿಗಲ್ಲಿಗೆ ಹೋಗಿಬಂದು ಕುದುರೆಗಿಂತ ಮೇಲಾಯಿತು. ಈ ವಾದವನ್ನು ಕೇಳಿದ ಗುಜರಿಯವನು ಗೇರ್ ಬಾಕ್ಸಿನ ರೇಟು ಐನೂರು ರೂಪಾಯಿ ಹೆಚ್ಚಿಸಿದ.

6. ಪದಾರ್ಥ ನಿರ್ಣಯ

ಗೇರ್ ಬಾಕ್ಸ್ ಬದಲಾಯಿಸುವುದೆಂದರೆ ಗೇರ್ ಬಾಕ್ಸ್ ಒಂದನ್ನೇ ಬದಲಾಯಿಸುವುದೆಂದು ಪಾಮರರು ತಿಳಿದಿರುತ್ತಾರೆ. ಪ್ರಬಂಧಕಾರನೂ ತಿಳಿದಿದ್ದನು. ಅಂತರಸನಹಳ್ಳಿಯ ಕಡೆಯ ಮೇಸ್ತ್ರಿಯೊಬ್ಬರು ಈ ಅಜ್ಞಾನವನ್ನು ಒಂದೇ ಮಾತಿನಲ್ಲಿ ಕಳೆದರು: “ಸಾರ್, ಮದುವೆಗೆ ಹುಡುಗ ಒಬ್ಬನೇ ಬರಲ್ಲ.”

ಹುಡುಗನ ಜೊತೆ ಬಂದ ದಿಬ್ಬಣ ಇದು. ಟಾರ್ಕ್ ಕನ್ವರ್ಟರ್ ಕಚ್ಚಿಕೊಂಡಿದ್ದ ತೆಳು ತಗಡಿನ ಜಾಗಕ್ಕೆ ಭಾರವಾದ ಫ್ಲೈವೀಲ್. ಅದರ ಮೇಲೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ನೆನಪಿಸುವ ಕ್ಲಚ್ ಪ್ಲೇಟು, ಇಡ್ಲಿಯ ಮೇಲೆ ಮುಚ್ಚಳದಂತೆ ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗ್. ಆಟೋಮ್ಯಾಟಿಕ್‌ನ ಅಗಲ ಬ್ರೇಕ್ ಪೆಡಲನ್ನು ಕಿತ್ತು ಕ್ಲಚ್ಚು, ಬ್ರೇಕು ಎರಡೂ ಇರುವ ಪೆಡಲ್ ಸೆಟ್ಟು. ಕ್ಲಚ್ ಕೇಬಲ್ಲು, ಅದು ನುಸುಳಲು ಎಂಜಿನ್ ಕಡೆಯ ತಗಡಿನಲ್ಲಿ ತೂತು. ಗೇರ್ ಕೋಲು, ಅದರ ರಾಡು. ಗೇರ್ ಬಾಕ್ಸ್ ಕೂರುವ ಮೌಂಟಿಂಗ್. ಆಕ್ಸಲ್ ಹೊಂದದಿದ್ದರೆ ಅದೂ. ಆದ್ದರಿಂದಲೇ ಬಲ್ಲವರು ಬಿಡಿಭಾಗ ಕೊಳ್ಳುವುದಿಲ್ಲ. ಗುಜರಿಗೆ ಬಿದ್ದ ಗಾಡಿಯ ಮುಂದೆ ನಿಂತು ಇಡೀ ಬೀಗರ ಕಡೆಯನ್ನೇ ಕೊಳ್ಳುತ್ತಾರೆ.

ಎಲ್ಲ ಕೂತ ಮೇಲೂ ಗಾಡಿ ಸ್ಟಾರ್ಟ್ ಆಗಲಿಲ್ಲ. ಆಟೋಮ್ಯಾಟಿಕ್ ಕಾರು ಪಿ ಅಥವಾ ಎನ್‌ನಲ್ಲಿ ಇದ್ದರೆ ಮಾತ್ರ ಸೆಲ್ಫ್ ಎತ್ತುತ್ತದೆ. ಅದನ್ನು ನೋಡಿಕೊಳ್ಳುವ ಸ್ವಿಚ್ಚು ಹಳೆ ಗೇರ್ ಬಾಕ್ಸಿನ ಜೊತೆಯೇ ಹೋಗಿತ್ತು. ಮೇಸ್ತ್ರಿ ಎರಡು ವೈರು ಹಿಡಿದು ತಿರುಚಿ ಟೇಪು ಸುತ್ತಿದರು. ಅಂದಿನಿಂದ ಆ ಕಾರು ತಾನು ಸದಾ ನ್ಯೂಟ್ರಲ್‌ನಲ್ಲಿ ಇದ್ದೇನೆ ಎಂದೇ ನಂಬಿದೆ. ವೇದಾಂತಿಗಳು ಇದನ್ನು ಮಾಯೆ ಎನ್ನುತ್ತಾರೆ. ಮಾಯೆಯ ಪರಿಣಾಮ ಮರುದಿನ ಬೆಳಗ್ಗೆ ಕಾಣಿಸಿತು: ಫಸ್ಟ್ ಗೇರಿನಲ್ಲಿ ನಿಲ್ಲಿಸಿದ್ದ ಗಾಡಿಗೆ ಭಾವ ಕ್ಲಚ್ ಒತ್ತದೆ ಕೀ ತಿರುಗಿಸಿದರು, ಕಾರು ಮುಂದಕ್ಕೆ ನೆಗೆದು ಅಕ್ಕನ ತುಳಸಿ ಕಟ್ಟೆಯನ್ನು ಮುಟ್ಟಿತು. ಪೀಠಿಕೆಯಲ್ಲಿ ಹೇಳಿದ ಅಭಿಪ್ರಾಯಗಳು ಹೊರಬಿದ್ದದ್ದು ಆಗಲೇ.

ಇನ್ನು ಧರ್ಮಶಾಸ್ತ್ರ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಮಾಲೀಕ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 15 ವರ್ಷ ದಾಟಿದ ಸ್ವಂತ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಲೂಬೇಕು. ಆದ್ದರಿಂದ ಸ್ಪ್ಯಾನರ್ ಎತ್ತುವ ಮೊದಲು ಆರ್‌ಟಿಒ ಕಚೇರಿಯಲ್ಲೂ ಇನ್ಶೂರೆನ್ಸಿನವರಲ್ಲೂ ಕೇಳಿಕೊಳ್ಳುವುದು ಕ್ಷೇಮ. ಪ್ರಬಂಧದಲ್ಲಿ ತಮಾಷೆಯಿಲ್ಲದ ಭಾಗ ಇದೊಂದೇ.

7. ಪೂರ್ವಪಕ್ಷ ಮತ್ತು ಸಿದ್ಧಾಂತ

ಕುಣಿಗಲ್ಲಿನಿಂದ ಗೇರ್ ಬಾಕ್ಸ್ ಹೇರಿಕೊಂಡು ಬರುವಾಗ ಹೆಬ್ಬೂರು ಕಳೆದು ಗೂಳೂರಿನ ಹತ್ತಿರ ಕೈದಾಳ ಸಿಗುತ್ತದೆ. ಅಲ್ಲಿನ ಚನ್ನಕೇಶವ ದೇವಾಲಯದ ಐತಿಹ್ಯ ಮಕ್ಕಳಿಗೂ ಗೊತ್ತು. ಬೇಲೂರಿನಲ್ಲಿ ವಿಗ್ರಹದ ಕಲ್ಲಿನೊಳಗೆ ಕಪ್ಪೆ ಇರುವುದನ್ನು ಮಗ ಡಂಕಣ ತೋರಿಸಿಕೊಟ್ಟಾಗ ಜಕಣಾಚಾರಿ ತನ್ನ ಬಲಗೈಯನ್ನೇ ಕತ್ತರಿಸಿಕೊಂಡನಂತೆ. ಮುಂದೆ ಇಲ್ಲಿ ಚನ್ನಕೇಶವನಿಗೆ ಗುಡಿ ಕಟ್ಟಿದಾಗ ಹೋದ ಕೈ ಮರಳಿ ಬಂತಂತೆ. ಅದಕ್ಕೇ ಊರಿಗೆ ಕೈದಾಳ ಎಂದು ಹೆಸರು. ‘ಮ್ಯಾನುಯಲ್’ ಎಂಬ ಪದದ ಮೂಲ ಲ್ಯಾಟಿನ್ನಿನ ‘ಮಾನುಸ್’. ಅದರ ಅರ್ಥವೂ ಕೈ. ಹೋದ ಕೈ ಮರಳಿ ಬರುವುದೇ ಗೇರ್ ಪಲ್ಲಟ. ಇದನ್ನು ಪ್ರಬಂಧಕಾರನು ಕೈದಾಳ ಸಿದ್ಧಾಂತ ಎಂದು ಕರೆಯುತ್ತಾನೆ.

ಪೂರ್ವಪಕ್ಷಿ ಇಲ್ಲಿ ಎದ್ದು ನಿಲ್ಲುತ್ತಾನೆ. ಜಕಣಾಚಾರಿಗೆ ಬಂದದ್ದು ಬಲಗೈ. ನಮ್ಮ ದೇಶದಲ್ಲಿ ಗೇರ್ ಹಾಕುವುದು ಎಡಗೈ. ಸಿದ್ಧಾಂತ ಬಿತ್ತಲ್ಲ?

ಈ ಆಕ್ಷೇಪ ಪ್ರಬಂಧಕಾರನನ್ನು ಮೂರು ರಾತ್ರಿ ನಿದ್ದೆಗೆಡಿಸಿತು. ಉತ್ತರ ಸಿಕ್ಕಿದ್ದು ಭಾವನ ಮಣಿಕಟ್ಟಿನಲ್ಲಿ. 1978ರಲ್ಲಿ ಎಚ್‌ಎಂಟಿ ತುಮಕೂರಿನಲ್ಲೂ ವಾಚ್ ಕಾರ್ಖಾನೆ ತೆರೆದಿತ್ತು. ಆ ಕಾಲದ ಮನೆಗಳಲ್ಲಿ ಅಪ್ಪನಿಗೆ ಕೀ ಕೊಡುವ ‘ಜನತಾ’, ಮದುವೆಯಲ್ಲಿ ಅಳಿಯನಿಗೆ ಆಟೋಮ್ಯಾಟಿಕ್ ‘ಕಾಂಚನ್’. ಭಾವನ ಕಾಂಚನ್ ಅದೇ. ಕೈಯಲ್ಲಿದ್ದರೆ ಓಡುತ್ತದೆ, ಬಿಚ್ಚಿಟ್ಟರೆ ಮಾರನೇ ದಿನಕ್ಕೋ ಅದರಾಚೆಗೋ ನಿಲ್ಲುತ್ತದೆ. ಹೆಸರಿಗೆ ಆಟೋಮ್ಯಾಟಿಕ್, ಓಡಿಸುವುದು ಕೈಯೇ. ಇಷ್ಟು ವರ್ಷ ಅದು ಕೆಟ್ಟಾಗೆಲ್ಲ ಸರಿಹೋದದ್ದು ಹೇಗೆ? ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ರಿಪೇರಿಯವರೊಬ್ಬರು ಪೇಟೆಯಲ್ಲೇ ಇದ್ದರು. ಕಾರ್ಖಾನೆ ಮುಚ್ಚಿದ ಮೇಲೂ ಇದ್ದರು.

ಝೆನ್‌ನ ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಇಲ್ಲದೆ ಹೋದದ್ದು ಅಂಥ ಒಂದು ಕೈ. ತುಮಕೂರಿನ ಮೇಸ್ತ್ರಿಗಳು ಅದರ ಕೆಳಗೆ ತೂರಿ ನೋಡಿ, ಹೊರಗೆ ಬಂದು ಕೈ ಒರೆಸಿಕೊಂಡು, “ಬೆಂಗಳೂರಿಗೆ ತಗೊಂಡೋಗಿ” ಎಂದರು. ಬೆಂಗಳೂರಿನವರು ಬಿಚ್ಚುವ ಮೊದಲೇ ಹೇಳಿದ ರೇಟಿನಲ್ಲಿ ಕುಣಿಗಲ್ಲಿನ ಇಡೀ ಗುಜರಿ ಝೆನ್ ಬರುತ್ತಿತ್ತು. ಅದೇ ಮ್ಯಾನುಯಲ್ ಗೇರ್ ಬಾಕ್ಸನ್ನು ಮೂರೂ ಊರಿನಲ್ಲಿ ಯಾವ ಶೆಡ್ಡಿನ ಹುಡುಗನಾದರೂ ಇಳಿಸುತ್ತಾನೆ, ಬಿಚ್ಚುತ್ತಾನೆ, ಕೂರಿಸುತ್ತಾನೆ.

ಆದ್ದರಿಂದ ಸಿದ್ಧಾಂತ ಹೀಗೆ ನಿಲ್ಲುತ್ತದೆ: ಮರಳಿ ಬಂದ ಕೈ ಡ್ರೈವರನದ್ದಲ್ಲ, ಮೇಸ್ತ್ರಿಯದ್ದು. ಅದು ಬಲಗೈಯೇ. ಜಕಣಾಚಾರಿಯೂ ಕೈಕೆಲಸದವನೇ. ಕೆಟ್ಟರೆ ಸರಿಮಾಡುವ ಕೈ ನಮ್ಮ ತಾಲ್ಲೂಕಿನೊಳಗೆ ಇದ್ದರೆ ಅದು ಮ್ಯಾನುಯಲ್, ಇಲ್ಲದಿದ್ದರೆ ಆಟೋಮ್ಯಾಟಿಕ್. ಪೂರ್ವಪಕ್ಷಿ ಕುಳಿತುಕೊಳ್ಳಬಹುದು.

8. ದುರ್ಗದ ಪ್ರಯೋಗ

ಸಿದ್ಧಾಂತವನ್ನು ದೇವರಾಯನದುರ್ಗದಲ್ಲಿ ಪರೀಕ್ಷಿಸಲಾಯಿತು. ಅಲ್ಲಿ ಬೆಟ್ಟದ ತಪ್ಪಲಲ್ಲಿರುವವನು ಭೋಗನರಸಿಂಹ, ಮೇಲಿರುವವನು ಯೋಗನರಸಿಂಹ. ಆಟೋಮ್ಯಾಟಿಕ್ ಇದ್ದಾಗ ಭಾವ ಭೋಗನರಸಿಂಹನ ತನಕ ಸುಖವಾಗಿ ಹೋಗುತ್ತಿದ್ದರು; ಏರು ಶುರುವಾದ ಕೂಡಲೇ ಗೇರ್ ಬಾಕ್ಸು ಎರಡೋ ಮೂರೋ ಎಂದು ತನ್ನಲ್ಲೇ ಚರ್ಚೆಗಿಳಿಯುತ್ತಿತ್ತು. ಈ ಸಲ ಸೆಕೆಂಡ್ ಗೇರಿನಲ್ಲಿ ಒಂದೇ ಉಸಿರಿಗೆ ಹತ್ತಿತು, ಅದೇ ಸೆಕೆಂಡಿನಲ್ಲಿ ಬ್ರೇಕು ಬಿಸಿಯಾಗದಂತೆ ಇಳಿಯಿತು. ನಡುವೆ ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂದು ಗಾಡಿ ಆಫ್ ಆಯಿತು. ಭಾವ ಹಾಫ್ ಕ್ಲಚ್ಚಿನಲ್ಲಿ ಎತ್ತಲು ನೋಡಿದರು, ಮತ್ತೆ ಆಫ್. ಹಿಂದಿನ ಗಾಡಿಗಳೆಲ್ಲ ಹಾರನ್ ಹೊಡೆದವು. ಕಂಪನಿ ನಾಟಕದಲ್ಲಿ ಇದಕ್ಕೆ ‘ವನ್ಸ್ ಮೋರ್’ ಎನ್ನುತ್ತಾರೆ.

9. ಉಪಸಂಹಾರ

ಒಂದು ನಷ್ಟವನ್ನು ಮುಚ್ಚಿಡುವುದು ಸಂಶೋಧಕನಿಗೆ ಸಲ್ಲದು. ಷಡಕ್ಷರಿಯಲ್ಲಿದ್ದ ಪಿ ಹೋಯಿತು. ಪಿಗೆ ಹಾಕಿದರೆ ಗೇರ್ ಬಾಕ್ಸಿನೊಳಗೆ ಒಂದು ಹಲ್ಲು ಕಚ್ಚಿ ಗಾಡಿ ಅಲುಗುತ್ತಿರಲಿಲ್ಲ. ಅದನ್ನೇ ನಂಬಿ ಭಾವ ಇಪ್ಪತ್ತು ವರ್ಷ ಹ್ಯಾಂಡ್ ಬ್ರೇಕ್ ಎಳೆದವರಲ್ಲ. ಎಳೆಯದೆ ಅದರ ಕೇಬಲ್ಲು ತುಕ್ಕು ಹಿಡಿದಿದೆ. ಹೊಸ ಕೇಬಲ್ಲು ಹಾಕಿಸುವ ತನಕ ಡಿಕ್ಕಿಯಲ್ಲಿ ಒಂದು ಸೈಜುಗಲ್ಲು ಇರುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದಾಗ ಭಾವ ಫಸ್ಟ್ ಗೇರಿಗೆ ಹಾಕಿ ಕೂತಿರುತ್ತಾರೆ, ಅಕ್ಕ ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಾಳೆ.