ಲ್ಯಾನ್ಯಾರ್ಡ್ ರಾಯರು

ಬೆಂಗಳೂರಿನ ಯಾವ ಸ್ಟಾರ್ ಹೋಟೆಲಿನಲ್ಲೇ ಸಿಸ್ಟಮ್ಸ್ ಎಂಜಿನಿಯರಿಂಗ್ ಅಥವಾ ಸಿಮ್ಯುಲೇಷನ್ ಸಮ್ಮೇಳನ ನಡೆಯಲಿ, ಎರಡನೇ ಸಾಲಿನ ತುದಿಯ ಕುರ್ಚಿಯಲ್ಲಿ ರಾಯರು ಇದ್ದೇ ಇರುತ್ತಾರೆ. ಮೊದಲ ಸಾಲು ಮುಖ್ಯ ಅತಿಥಿಗಳದ್ದು. ಮೂರನೆಯದಕ್ಕೆ ಮೈಕು ಬರುವುದು ತಡ. ತುದಿ ಯಾಕೆಂದರೆ ಊಟದ ಬಾಗಿಲು ಆ ಕಡೆಗಿದೆ. 'ಬೌಂಡರಿ ಕಂಡಿಷನ್ ಸರಿಯಾಗಿ ಹಾಕ್ಕೋಬೇಕು ಕಣ್ರೀ' ಅನ್ನುತ್ತಾರೆ.

ಕೊರಳಲ್ಲಿ ಲ್ಯಾನ್ಯಾರ್ಡು, ಹೆಗಲಲ್ಲಿ ಹೋದ ಸಮ್ಮೇಳನದ ಚೀಲ, ಕೈಯಲ್ಲಿ ಈ ಸಮ್ಮೇಳನದ್ದು. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ದೊಡ್ಡ ಹುದ್ದೆ. 'ನಮ್ಮ ಕಾಲದಲ್ಲಿ ರಾತ್ರಿ ಜಾಬ್ ಹಾಕಿ ಹೋದರೆ ಬೆಳಿಗ್ಗೆ ಎರರ್ ಬಂದಿರೋದು. ಈಗ ಎರಡೇ ನಿಮಿಷಕ್ಕೆ ಬರತ್ತೆ' ಎಂದು ತಂತ್ರಜ್ಞಾನದ ಪ್ರಗತಿಯನ್ನು ಮೆಚ್ಚಿಕೊಳ್ಳುತ್ತಾರೆ.

ಭಾಷಣಕಾರ ಯಾರೇ ಆಗಲಿ, ಶುರುವಿನಲ್ಲೇ 'ವಿ' ಆಕಾರದ ಚಿತ್ರ ತೋರಿಸದೆ ಬಿಡುವುದಿಲ್ಲ. ಗಿರಾಕಿಗೆ ಏನು ಬೇಕೆಂದು ಕೇಳುತ್ತ ಎಡಗಡೆ ಇಳಿಯಬೇಕು, ಕೊಟ್ಟಿದ್ದು ಅದೇ ಹೌದೋ ಎಂದು ಪರೀಕ್ಷಿಸುತ್ತ ಬಲಗಡೆ ಹತ್ತಬೇಕು. ರಾಯರು ಪಕ್ಕದವನ ಕಿವಿಯಲ್ಲಿ ಉಸುರುತ್ತಾರೆ: 'ಇಳಿದವರನ್ನ ಬೇಕಾದಷ್ಟು ಕಂಡಿದ್ದೀನಿ. ಹತ್ತೋ ಹೊತ್ತಿಗೆ ಬಜೆಟ್ ಮುಗಿದಿರತ್ತೆ.'

ಪರದೆಯ ಮೇಲೆ ಕೆಂಪು-ನೀಲಿ ಬಣ್ಣದ ಒತ್ತಡದ ಚಿತ್ರ ಬಂತೋ, ರಾಯರ ಕೈ ಮೇಲೇಳುತ್ತದೆ. ಅವರ ಬಳಿ ಇರುವುದು ಒಂದೇ ಪ್ರಶ್ನೆ: 'ಮೆಶ್ ಕನ್ವರ್ಜೆನ್ಸ್ ನೋಡಿದ್ದೀರಾ?' ವಸ್ತುವನ್ನು ಚೂರು ಚೂರು ಮಾಡಿ ಲೆಕ್ಕ ಹಾಕುವ ಈ ವಿದ್ಯೆಯಲ್ಲಿ, ಚೂರು ಇನ್ನೂ ಸಣ್ಣದಾದರೆ ಉತ್ತರ ಬದಲಾಗುತ್ತದೆಯೇ ಎಂದು ನೋಡುವುದು ಶಾಸ್ತ್ರ. ವಿಮಾನದ ರೆಕ್ಕೆ, ಬಸ್ಸಿನ ಛಾಸಿ, ಕೃತಕ ಮಂಡಿ, ಯಾವುದಕ್ಕಾದರೂ ಸಲ್ಲುತ್ತದೆ. ಒಮ್ಮೆ ಸ್ವಾಗತ ಭಾಷಣವಾದ ಮೇಲೂ ಕೇಳಿದ್ದರಂತೆ.

ಪ್ರಶ್ನೆ ಅಸಂಬದ್ಧವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಬೆನ್ನಿಗೆ ನಾರ್ವೆಯ ಕಥೆ ಇದೆ. 1991ರಲ್ಲಿ ಸ್ಲೈಪ್ನರ್ ಎ ಎಂಬ ಸಮುದ್ರ ವೇದಿಕೆಯ ಕಾಂಕ್ರೀಟ್ ತಳವನ್ನು ಪರೀಕ್ಷೆಗೆಂದು ನೀರಿಗೆ ಇಳಿಸುತ್ತಿದ್ದರು. ಅದು ಪೂರ್ತಿಯೇ ಮುಳುಗಿಹೋಯಿತು. ಗೋಡೆಗಳು ಕೂಡುವಲ್ಲಿ ಮೆಶ್ ಒರಟು, ಅಂದರೆ ಲೆಕ್ಕದ ಚೂರುಗಳು ದೊಡ್ಡವು. ಅಲ್ಲಿನ ಷಿಯರ್ ಒತ್ತಡ ಲೆಕ್ಕದಲ್ಲಿ ಶೇ. 47ರಷ್ಟು ಕಡಿಮೆ ಬಂದಿತ್ತು. ಆಮೇಲೆ ಸೂಕ್ಷ್ಮವಾಗಿ ಲೆಕ್ಕ ಹಾಕಿದಾಗ 62 ಮೀಟರ್ ಆಳದಲ್ಲಿ ಒಡೆಯಬೇಕು ಎಂದು ಬಂತು. ನಿಜಕ್ಕೂ ಒಡೆದದ್ದು ಸುಮಾರು 65ರಲ್ಲಿ. ಇಷ್ಟನ್ನೂ ರಾಯರು ಹೇಳುವುದು ಬಫೆಯಲ್ಲಿ, ಪನೀರಿನ ಪಾತ್ರೆಯ ಮುಂದೆ ನಿಂತು, ಸೌಟು ಕೈಯಲ್ಲಿ ಹಿಡಿದು. ವೇದಿಕೆ ಸಮುದ್ರದ ತಳ ಸೇರುವವರೆಗೆ ಹಿಂದಿನ ಸಾಲು ಮುಂದೆ ಸರಿಯುವುದಿಲ್ಲ.

ಹೋದ ಸಲ ಹುಬ್ಬಳ್ಳಿ ಕಡೆಯ ಒಬ್ಬ ಹುಡುಗಿ ಟ್ರ್ಯಾಕ್ಟರ್ ಆಕ್ಸಲ್ ಬಗ್ಗೆ ಪ್ರಬಂಧ ಓದಿದಳು. ರಾಯರು ಕೇಳಿದರು. 'ನೋಡೇನ್ರಿ ಸರ್. ಮೂರು ಮೆಶ್ ಹಚ್ಚಿ ನೋಡೇನಿ. ಸ್ಟ್ರೇನ್ ಗೇಜ್ ಅಂಟಿಸಿ ಹೊಲದಾಗೂ ಓಡಿಸೇವ್ರಿ' ಎಂದು ಗ್ರಾಫ್ ಹಾಕಿದಳು. ಲೆಕ್ಕದ ಗೆರೆ, ಅಳತೆಯ ಗೆರೆ ಎರಡೂ ಒಂದರ ಮೇಲೊಂದು ಕೂತಿದ್ದವು. ಮೈಕು ಹಿಡಿದ ರಾಯರು ಬಹಳ ಹೊತ್ತು ಗ್ರಾಫನ್ನೇ ನೋಡಿ, 'ಇದನ್ನ ಆಫ್‌ಲೈನ್ ಮಾತಾಡೋಣ' ಎಂದು ಕೂತರು. ಅವತ್ತು ಬಫೆಯ ಸಾಲು ಸರಾಗವಾಗಿ ಹರಿಯಿತು.

ಈ ಸಲ ರಾಯರೇ ಸೆಷನ್ ಚೇರ್. ಪ್ರಶ್ನೋತ್ತರಕ್ಕೆ ಸಮಯವಿಲ್ಲ ಎಂದು ಮೊದಲೇ ಘೋಷಿಸಿಬಿಟ್ಟಿದ್ದಾರೆ.