ಸಂಬಳದವರಿಗೆ ತರಬೇತಿ, ದುಡಿಯುವವರಿಗೆ ಚಪ್ಪಾಳೆ

ಸರ್ಕಾರಿ ನೌಕರರ ವರ್ತನೆ ತಿದ್ದಬೇಕಂತೆ. ಅದಕ್ಕೆ ತರಬೇತಿ ಶಿಬಿರ. ಎಸಿ ಸಭಾಂಗಣ, ಜಿಪ್ ಇರುವ ಬ್ಯಾಗು, ಹನ್ನೊಂದಕ್ಕೆ ಚಹಾ, ಗೋಡಂಬಿ ಬಿಸ್ಕತ್ತು. ಪರದೆಯ ಮೇಲೆ ಮಾಸ್ಲೋನ ಪಿರಮಿಡ್ಡು.

ಆ ಅಮೆರಿಕದ ಮನಃಶಾಸ್ತ್ರಜ್ಞ 1943ರಲ್ಲೇ ಬರೆದಿಟ್ಟ: ಮನುಷ್ಯನಿಗೆ ಮೊದಲು ಅನ್ನ, ಆಮೇಲೆ ಭದ್ರತೆ, ಗೌರವ, ಸಾರ್ಥಕತೆ ಎಲ್ಲ ಅದರ ಮೇಲಿನ ಮಾತು. ಸಾಹೇಬರು ತಲೆದೂಗುತ್ತಾರೆ. ಅನ್ನ, ಭದ್ರತೆ ಎರಡೂ ತಿಂಗಳು ತಿಂಗಳು ಖಾತೆಗೆ ಬೀಳುತ್ತಿವೆ. ಕೊರತೆಯಿರುವುದು ಸ್ಫೂರ್ತಿಗೆ ಮಾತ್ರ!

ಸ್ಫೂರ್ತಿ ಬರುವ ತನಕ ನಿಮ್ಮ ಅರ್ಜಿ ಕಾಯಲಿ. 2011ರ ಸಕಾಲ ಕಾಯ್ದೆ ಇದೆಯಲ್ಲ? ವಿಳಂಬಕ್ಕೆ ದಿನಕ್ಕೆ 20 ರೂಪಾಯಿ ಪರಿಹಾರ, 500 ದಾಟುವಂತಿಲ್ಲ. ಇಪ್ಪತ್ತೈದು ದಿನ ಕಳೆದರೆ ಆಮೇಲೆ ಕೊಳೆಸುವುದು ಪುಕ್ಕಟೆ.

ಇದೇ ಪಿರಮಿಡ್ಡು ಆಶಾ ಕಾರ್ಯಕರ್ತೆಯ ಮನೆ ಮುಂದೆ ತಲೆಕೆಳಗಾಗುತ್ತದೆ. ಸರಿರಾತ್ರಿ ಹೆರಿಗೆ ನೋವೆಂದರೆ ಆಂಬುಲೆನ್ಸಿಗೆ ಫೋನು ಮಾಡಿ, ತಾಯಿ ಕಾರ್ಡು ಹಿಡಿದು, ಗರ್ಭಿಣಿಯ ಜೊತೆ ಹೋಗಿ, ಆಸ್ಪತ್ರೆಯ ನೆಲದ ಮೇಲೆ ಬೆಳಗು ಮಾಡುವವಳು ಅವಳು. 2005ರಲ್ಲಿ ಯೋಜನೆ ಶುರುವಾದಾಗಿನಿಂದ ಕಡತದಲ್ಲಿ ಬರೀ ಸ್ವಯಂಸೇವಕಿ. ಸಂಬಳವಿಲ್ಲ. ಗೌರವಧನ, ಪ್ರೋತ್ಸಾಹಧನ. ಗೌರವಕ್ಕೇನು ಬರವೇ? 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಶಸ್ತಿಯೇ ಬಂತು. ಅನ್ನ ಕೇಳಲು ಮಾತ್ರ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಮಲಗಬೇಕಾಯಿತು.

ಅಂಗನವಾಡಿಯ ಕಥೆ ಇನ್ನೂ ಚೆಂದ. ಅಲ್ಲಿನ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯೇ ಅಲ್ಲ ಎಂದು ಸುಪ್ರೀಂ ಕೋರ್ಟ್‌ ತನಕ ಹೋಗಿ, 2006ರಲ್ಲಿ ಗೆದ್ದು ಬಂದದ್ದು ಬೇರಾರೂ ಅಲ್ಲ, ನಮ್ಮ ಕರ್ನಾಟಕ ಸರ್ಕಾರ. ಮತದಾರರ ಪಟ್ಟಿ ಪರಿಷ್ಕರಣೆ ಬಂತೋ, ಅದೇ ಕಾರ್ಯಕರ್ತೆ ರಾತ್ರೋರಾತ್ರಿ ಮತಗಟ್ಟೆ ಮಟ್ಟದ ಅಧಿಕಾರಿ! ದುಡಿಸಿಕೊಳ್ಳುವಾಗ ಅಧಿಕಾರಿ. ಪಿಂಚಣಿ ಕೇಳಿದರೆ ಯಾರೋ ಪರಿಚಯವಿಲ್ಲದ ಹೆಂಗಸು.

ಸ್ವಯಂಸೇವಾ ಸಂಸ್ಥೆಗಳೇನು ಕಮ್ಮಿ? ‘ಇದು ಸೇವೆ ಕಣಪ್ಪಾ, ದುಡ್ಡಿನ ಮಾತಾಡಬಾರದು’ ಎಂಬ ಉಪದೇಶ ಬಿಸಿಲಲ್ಲಿ ಹಳ್ಳಿ ಸುತ್ತುವ ಹುಡುಗನಿಗೆ. ದಾನಿಗಳೆದುರು ಕೂತಾಗ ಅದೇ ಬಾಯಲ್ಲಿ ಬರುವ ಮೊದಲ ಮಾತೇ ಬಜೆಟ್ಟು. ಹುಡುಗ ಬಿಟ್ಟುಹೋದರೆ ‘ಈಗಿನ ಪೀಳಿಗೆಗೆ ಬದ್ಧತೆ ಇಲ್ಲ’.

ಹೊಟ್ಟೆ ತುಂಬಿದವನಿಗೆ ಸ್ಫೂರ್ತಿ, ಹಸಿದವಳಿಗೆ ಸನ್ಮಾನ. ಇದಕ್ಕೆ ಮಾನವ ಸಂಪನ್ಮೂಲ ನಿರ್ವಹಣೆ ಎಂದು ಹೆಸರು ಬೇರೆ.

ಶಿಬಿರ ಸಾಕು ಮಾಡಿ ಸ್ವಾಮಿ. ಕೆಲಸ ಮಾಡುವವಳಿಗೆ ಸಂಬಳ ಕೊಡಿ. ಸಂಬಳ ತಗೊಳ್ಳುವವನಿಂದ ಕೆಲಸ ಮಾಡಿಸಿ. ಇಷ್ಟಕ್ಕೆ ಯಾವ ಪಿರಮಿಡ್ಡೂ ಬೇಕಿಲ್ಲ.