ಹದಿಮೂರನೇ ಅಧ್ಯಾಯದ ಮಹಿಮೆ

ಅಮೆರಿಕದ ಕ್ರೈಸ್ತ ಬಲಪಂಥೀಯರ ಬೈಬಲ್‌ನಲ್ಲಿ 66 ಪುಸ್ತಕಗಳಿವೆ. ಆದರೆ ರಾಜಕೀಯಕ್ಕೆ ಬೇಕಾಗುವುದು ಒಂದೇ ಅಧ್ಯಾಯ: ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯದು. ಆಳುವವರು ದೇವರಿಂದ ನೇಮಕಗೊಂಡವರು, ಅವರಿಗೆ ಅಧೀನರಾಗಿರಿ, ಅವರು ಕತ್ತಿ ಹಿಡಿದಿರುವುದು ಸುಮ್ಮನೆ ಅಲ್ಲ ಎಂಬುದು ಅದರ ಸಾರ. ಸಾರವೇನೋ ಸರಳವೇ. ಅದನ್ನು ಯಾವತ್ತು ಓದಬೇಕು, ಯಾರ ಮುಂದೆ ಓದಬೇಕು, ಯಾವಾಗ ಪುಸ್ತಕ ಮುಚ್ಚಿಡಬೇಕು ಎಂಬುದರಲ್ಲಿದೆ ಪಾಂಡಿತ್ಯ.

ಮೊದಲನೆಯದಾಗಿ, ಕುರ್ಚಿಯಲ್ಲಿ ಕೂತವರು ಯಾರೆಂದು ನೋಡಿಕೊಂಡೇ ಓದು ಶುರುವಾಗಬೇಕು. 1998ರಲ್ಲಿ ಬಿಲ್ ಕ್ಲಿಂಟನ್ ಹಗರಣ ಸುದ್ದಿಯಲ್ಲಿದ್ದಾಗ ಸದರ್ನ್ ಬ್ಯಾಪ್ಟಿಸ್ಟ್ ಸಮಾವೇಶಕ್ಕೆ ನಾಯಕನ ಶೀಲ ಬಹಳ ಮುಖ್ಯವಾಗಿ ಕಂಡಿತ್ತು, ನಿರ್ಣಯವನ್ನೇ ಅಂಗೀಕರಿಸಿತು. ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದವನು ಸಾರ್ವಜನಿಕ ಹುದ್ದೆಯಲ್ಲಿ ನೆಟ್ಟಗಿರಬಲ್ಲನೇ ಎಂದು 2011ರಲ್ಲಿ ಪಿಆರ್‌ಆರ್‌ಐ ಸಮೀಕ್ಷಾ ಸಂಸ್ಥೆ ಕೇಳಿದಾಗ ಹೌದೆಂದ ಬಿಳಿಯ ಇವಾಂಜೆಲಿಕಲರು ಶೇ. 30. ಅದೇ ಪ್ರಶ್ನೆಗೆ 2016ರಲ್ಲಿ ಹೌದೆಂದವರು ಶೇ. 72. ಈ ಐದು ವರ್ಷಗಳಲ್ಲಿ ಹತ್ತು ಆಜ್ಞೆಗಳಿಗೇನೂ ತಿದ್ದುಪಡಿ ಬಂದಿರಲಿಲ್ಲ. ಡೊನಾಲ್ಡ್ ಟ್ರಂಪ್ ಅಭ್ಯರ್ಥಿಯಾಗಿದ್ದರು, ಅಷ್ಟೇ. ದಾವೀದ ಅರಸನೂ ತಪ್ಪಿದ್ದನಲ್ಲ ಎಂದು ಸಮಾಧಾನ ಹೇಳಿದರು. ದಾವೀದನ ಮುಖಕ್ಕೇ ಅವನ ಪಾಪವನ್ನು ಎತ್ತಿ ಆಡಿದ ಪ್ರವಾದಿ ನಾತಾನನ ಹುದ್ದೆಗೆ ಮಾತ್ರ ಅರ್ಜಿ ಕರೆಯಲಿಲ್ಲ.

ಎರಡನೆಯದಾಗಿ, ಅಧೀನತೆಯ ಉಪದೇಶ ಯಾವಾಗಲೂ ಎದುರಿನವನಿಗೆ. 2018ರ ಜೂನ್‌ನಲ್ಲಿ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ ಇದೇ ಅಧ್ಯಾಯವನ್ನು ಉದ್ಧರಿಸಿದರು. ಗಡಿಯಲ್ಲಿ ಸಾವಿರಾರು ಮಕ್ಕಳನ್ನು ತಂದೆತಾಯಿಯರಿಂದ ಬಿಡಿಸಿ ಇಟ್ಟಿದ್ದ ಕಾಲ ಅದು. ಪಾಪ ಪೌಲ! ನೀರೋ ಚಕ್ರವರ್ತಿಯ ಆಳ್ವಿಕೆಯಲ್ಲಿ ಕೂತು ಬರೆದವನು, ಜೈಲು ಕಂಡವನು, ಪರಂಪರೆಯ ಪ್ರಕಾರ ಕೊನೆಗೆ ಅದೇ ರೋಮಿನ ಕತ್ತಿಗೆ ಕೊರಳೊಡ್ಡಿದವನು. ಅವನು ಬರೆದದ್ದನ್ನು ಈಗ ಕತ್ತಿ ಹಿಡಿದವರೇ ಓದಿ ಹೇಳುತ್ತಾರೆ. ಸೆಷನ್ಸ್ ಅವರ ಸ್ವಂತ ಮೆಥಡಿಸ್ಟ್ ಸಭೆಯ 600ಕ್ಕೂ ಹೆಚ್ಚು ಜನ ಅವರ ಮೇಲೆ ಸಭೆಗೆ ದೂರು ಕೊಟ್ಟರು. ಅವರು ಬಹುಶಃ ಹದಿನಾಲ್ಕನೇ ಅಧ್ಯಾಯದವರೆಗೂ ಓದಿದ್ದ ಅವಿಧೇಯರು.

ಮೂರನೆಯದು, ಪುಸ್ತಕ ತೆರೆಯದೇ ಇದ್ದರೆ ಇನ್ನೂ ಒಳ್ಳೆಯದು. 2020ರ ಜೂನ್ 1ರಂದು ವಾಷಿಂಗ್ಟನ್‌ನ ಲಫಾಯೆಟ್ ಚೌಕದಿಂದ ಪ್ರತಿಭಟನಕಾರರನ್ನು ಪೊಲೀಸರು ಚದುರಿಸಿದ ಮೇಲೆ ಅಧ್ಯಕ್ಷ ಟ್ರಂಪ್ ಸೇಂಟ್ ಜಾನ್ಸ್ ಚರ್ಚಿನ ಮುಂದೆ ನಿಂತು ಬೈಬಲ್ ಎತ್ತಿ ಹಿಡಿದರು. ಪ್ರಾರ್ಥನೆಯಿಲ್ಲ, ಪಾರಾಯಣವಿಲ್ಲ. ನಿಮ್ಮದೇ ಬೈಬಲ್ಲೇ ಎಂದು ಪತ್ರಕರ್ತರು ಕೇಳಿದರೆ, ಒಂದು ಬೈಬಲ್ ಎಂದರು. ಅಧ್ಯಕ್ಷರು ಆ ದಿನ ಆಡಿದ ಅತ್ಯಂತ ಪ್ರಾಮಾಣಿಕ ಮಾತು ಅದೇ ಇರಬೇಕು.

ಇನ್ನು ಪೊಲೀಸರಿಗೆ ಬೆಂಬಲ. ‘ಬ್ಯಾಕ್ ದಿ ಬ್ಲೂ’ ಎಂಬ ಘೋಷಣೆ, ತೆಳು ನೀಲಿ ಗೆರೆಯ ಧ್ವಜ, ಪೊಲೀಸರಿಗಾಗಿ ವಿಶೇಷ ಪ್ರಾರ್ಥನೆ. ಬೆಂಬಲಕ್ಕೆ ಒಂದೇ ಷರತ್ತು: ಪೊಲೀಸರು ನಮ್ಮ ದಾರಿಗೆ ಅಡ್ಡ ಬರಬಾರದು. 2021ರ ಜನವರಿ 6ರಂದು ಸಂಸತ್ ಭವನದ ಬಾಗಿಲಲ್ಲಿ ಅವರು ಅಡ್ಡ ನಿಂತರು. ಸುಮಾರು 140 ಅಧಿಕಾರಿಗಳು ಏಟು ತಿಂದರು. ಬಾಗಿಲ ಸಂದಿಯಲ್ಲಿ ನಜ್ಜುಗುಜ್ಜಾದ ಅಧಿಕಾರಿ ಡೇನಿಯಲ್ ಹಾಜಸ್, ಆ ಗುಂಪಿನಲ್ಲಿ ಕ್ರೈಸ್ತ ಧ್ವಜವನ್ನೂ ನೀಲಿ ಗೆರೆಯ ಧ್ವಜವನ್ನೂ ಕಂಡಿದ್ದಾಗಿ ಆ ವರ್ಷದ ಜುಲೈನಲ್ಲಿ ಸದನ ಸಮಿತಿಯ ಮುಂದೆ ಸಾಕ್ಷಿ ನುಡಿದರು. ಸೆನೆಟ್ ಸಭಾಂಗಣಕ್ಕೆ ನುಗ್ಗಿದವರು ಯೇಸುವಿನ ಹೆಸರಲ್ಲಿ ಪ್ರಾರ್ಥಿಸಿ, ತಮ್ಮನ್ನು ಒಳಗೆ ಬಿಡುವಂತೆ ಪೊಲೀಸರಿಗೆ ಪ್ರೇರಣೆ ಕೊಟ್ಟದ್ದಕ್ಕಾಗಿ ದೇವರಿಗೆ ವಂದನೆಯನ್ನೂ ಸಲ್ಲಿಸಿದರು! ಭಕ್ತಿಯಲ್ಲಿ ಲೋಪವಾಯಿತೆಂದು ಯಾರೂ ಹೇಳುವಂತಿಲ್ಲ.

2025ರ ಜನವರಿ 20ರಂದು ಟ್ರಂಪ್ ಮತ್ತೆ ಅಧಿಕಾರಕ್ಕೆ ಬಂದ ದಿನವೇ ಆ ಪ್ರಕರಣದ ಸುಮಾರು 1,500 ಜನರಿಗೆ ಕ್ಷಮೆ ಸಿಕ್ಕಿತು. ಪೊಲೀಸರಿಗೆ ಹೊಡೆದವರೂ ಅದರಲ್ಲಿದ್ದರು. ಮರುದಿನವೇ ರಾಷ್ಟ್ರೀಯ ಕೆಥೆಡ್ರಲ್‌ನಲ್ಲಿ ಬಿಷಪ್ ಮರಿಯಾನ್ ಬಡ್ಡಿ, ಭಯದಲ್ಲಿರುವ ವಲಸಿಗರ ಮೇಲೂ ಕರುಣೆ ಇರಲಿ ಎಂದು ಕೇಳಿಕೊಂಡರು. ಅಧ್ಯಕ್ಷರಿಗೆ ಕೋಪ ಬಂತು. ಬಿಷಪ್ ಸಾರ್ವಜನಿಕರ ಕ್ಷಮೆ ಕೇಳಬೇಕೆಂದರು. ಹೊಡೆದವರು ಕೇಳದೆಯೇ ಕ್ಷಮೆ ಪಡೆದ ವಾರದಲ್ಲಿ, ಕರುಣೆ ಬೇಡಿದವರು ಕ್ಷಮೆ ಕೇಳುವ ಸರದಿಗೆ ನಿಲ್ಲಬೇಕಾಯಿತು. ಮೂರು ಚುನಾವಣೆಗಳಲ್ಲಿ ಟ್ರಂಪ್ ಬೆನ್ನಿಗೆ ನಿಂತ ಪೊಲೀಸ್ ಸಂಘಟನೆ ‘ಫ್ರಾಟರ್ನಲ್ ಆರ್ಡರ್ ಆಫ್ ಪೊಲೀಸ್’ ಕೂಡ ಬೇಸರದ ಹೇಳಿಕೆ ಕೊಟ್ಟಿತು. ಇಳಿದು ಹೋದ ಬೈಡನ್ ನೀಡಿದ್ದ ಕ್ಷಮೆಗಳನ್ನೂ ಅದರಲ್ಲೇ ಸೇರಿಸಿ, ಏಟು ಯಾರಿಗೂ ಜೋರಾಗಿ ಬೀಳದಂತೆ ನೋಡಿಕೊಂಡಿತು.

ಪೊಲೀಸರ ಬಗ್ಗೆ ಬೈಬಲ್‌ಗೆ ನಿಜಕ್ಕೂ ಹೇಳಲು ಏನಾದರೂ ಇದೆಯೇ? ಇದೆ. ನಾವೇನು ಮಾಡಬೇಕೆಂದು ಸಿಪಾಯಿಗಳು ಸ್ನಾನಿಕನಾದ ಯೋಹಾನನನ್ನು ಕೇಳಿದಾಗ ಅವನು ಹೇಳಿದ್ದು ಮೂರು ಮಾತು: ಹೆದರಿಸಿ ಹಣ ಕೀಳಬೇಡಿ, ಸುಳ್ಳು ಕೇಸು ಹಾಕಬೇಡಿ, ಬರುವ ಸಂಬಳದಲ್ಲಿ ತೃಪ್ತರಾಗಿರಿ. ಜಗತ್ತಿನ ಯಾವ ಠಾಣೆಯ ಗೋಡೆಗೂ ಒಪ್ಪುವ ಮಾತು. ಆದರೆ ಅದನ್ನು ಧ್ವಜದ ಮೇಲೆ ಅಚ್ಚು ಹಾಕಿಸಿದರೆ ಒಂದೂ ಖರ್ಚಾಗಲಿಕ್ಕಿಲ್ಲ.

ಕೊನೆಗೆ ಫಲಶ್ರುತಿ. ಹದಿಮೂರನೇ ಅಧ್ಯಾಯದ ಮೊದಲ ನಾಲ್ಕು ವಚನಗಳನ್ನು ಸಮಯ ನೋಡಿ ಓದಿದವರಿಗೆ ಮಂತ್ರಿಪದವಿ, ಟಿವಿ ಪ್ರಚಾರ, ಶ್ವೇತಭವನದಲ್ಲಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ಅವಕಾಶ ಪ್ರಾಪ್ತಿ. ಮುಂದಕ್ಕೂ ಓದುವ ಹಟಮಾರಿಗಳಿಗೆ ಮಾತ್ರ ತೊಂದರೆ: ಆರನೇ ವಚನದಲ್ಲಿ ತೆರಿಗೆ ಕಟ್ಟಬೇಕಾಗುತ್ತದೆ, ಹತ್ತನೆಯದರಲ್ಲಿ ನೆರೆಯವನಿಗೆ ಕೇಡು ಮಾಡುವಂತಿಲ್ಲ. ಯಾವ ಪಕ್ಷ ತಾನೇ ಇಂಥ ಪ್ರಣಾಳಿಕೆಗೆ ಓಟು ಕೇಳೀತು?